ಆಯಿಲ್ ಲೈಟ್ ಹತ್ತಿದರೆ ವೈರ್ ಕಿತ್ತರೆ ಸಾಕೇ? ಹಳೆಯ ಟ್ರ್ಯಾಕ್ಟರ್ ಇರುವವರು ತಿಳಿಯಬೇಕಾದ್ದು

ಹೇಳಿಕೆ: ಹಳೆಯ ಗಾಡಿಯಲ್ಲಿ ಆಯಿಲ್ ಲೈಟ್ ಹತ್ತಿದರೆ ಕೆಟ್ಟಿರುವುದು ಸೆನ್ಸರ್ ಮಾತ್ರ. ವೈರ್ ಕಿತ್ತು ಕೆಲಸ ಮುಂದುವರಿಸಬಹುದು.

ವಾಸ್ತವ: ಇದು ಅರ್ಧ ಸತ್ಯ. ಹಳೆಯ ಗಾಡಿಗಳಲ್ಲಿ ಸೆನ್ಸರ್ ಕೆಡುವುದು ನಿಜ. ಆದರೆ ಅದನ್ನು ಪರೀಕ್ಷಿಸದೆ ವೈರ್ ಕಿತ್ತರೆ ಎಂಜಿನ್ನೇ ಹೋಗಬಹುದು.

ಸಿಂಧನೂರಿನ ಭತ್ತದ ಗದ್ದೆಗಳಲ್ಲಿ, ಮಸ್ಕಿ ಮತ್ತು ಲಿಂಗಸುಗೂರು ಕಡೆಯ ತೊಗರಿ, ಹತ್ತಿ ಹೊಲಗಳಲ್ಲಿ ಹಳೆಯ ಟ್ರ್ಯಾಕ್ಟರ್‌ಗಳು ಇನ್ನೂ ದುಡಿಯುತ್ತಿವೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಗದ್ದೆ ಕೆಸರು ಮಾಡಲು ಎಲ್ಲರಿಗೂ ಅವಸರ. ಆಗ ಕೆಂಪು ಲೈಟ್ ಹತ್ತಿದರೆ ಗಾಡಿ ನಿಲ್ಲಿಸಲು ಮನಸ್ಸಾಗುವುದಿಲ್ಲ. ಆದರೆ ಸೆನ್ಸರ್‌ಗೆ ಆಗುವ ಖರ್ಚು ಕೆಲವು ನೂರು ರೂಪಾಯಿ. ಎಂಜಿನ್ ಸೀಜ್ ಆದರೆ ಸಾವಿರಾರು ರೂಪಾಯಿ ಖರ್ಚು, ಜೊತೆಗೆ ಹಂಗಾಮಿನ ದಿನಗಳೂ ನಷ್ಟ.

ಈ ಲೈಟ್ ಏನು ಹೇಳುತ್ತದೆ?

ಎಂಜಿನ್ ಒಳಗೆ ಕ್ರ್ಯಾಂಕ್ ಮತ್ತು ಬೇರಿಂಗ್ ನಡುವೆ ಆಯಿಲ್‌ನ ತೆಳು ಪದರ ಇರುತ್ತದೆ. ಪಂಪ್ ಒತ್ತಡದಿಂದ ಆಯಿಲ್ ಕಳಿಸುತ್ತಿದ್ದರೆ ಮಾತ್ರ ಆ ಪದರ ಉಳಿಯುತ್ತದೆ. ಒತ್ತಡ ಬಿದ್ದರೆ ಲೋಹಕ್ಕೆ ಲೋಹ ಉಜ್ಜಿ, ಕೆಲವೇ ನಿಮಿಷಗಳಲ್ಲಿ ಬೇರಿಂಗ್ ಸುಡಬಹುದು.

ಬಹಳಷ್ಟು ಗಾಡಿಗಳಲ್ಲಿ ಒತ್ತಡ ಸುಮಾರು 4ರಿಂದ 7 ಪಿಎಸ್‌ಐಗೆ ಇಳಿದಾಗ ಮಾತ್ರ ಲೈಟ್ ಹತ್ತುತ್ತದೆ. ಅಂದರೆ ಇದು ಕೊನೆಯ ಎಚ್ಚರಿಕೆ. ಲೈಟ್ ಹತ್ತಿಲ್ಲ ಎಂದ ಮಾತ್ರಕ್ಕೆ ಎಲ್ಲವೂ ಸರಿಯಿದೆ ಎಂದೂ ಅಲ್ಲ.

ಮೊದಲು ಏನು ಮಾಡಬೇಕು?

ಎಂಜಿನ್ ನಿಲ್ಲಿಸಿ. ಹಳೆಯ ಡೀಸೆಲ್ ಟ್ರ್ಯಾಕ್ಟರ್ ಹಲವು ಬಾರಿ ಕೀ ತೆಗೆದರೂ ನಿಲ್ಲುವುದಿಲ್ಲ, ಸ್ಟಾಪ್ ನಾಬ್ ಎಳೆಯಬೇಕು. ಸಮತಟ್ಟಾದ ಜಾಗದಲ್ಲಿ ಕೆಲ ನಿಮಿಷ ಬಿಟ್ಟು ಕಡ್ಡಿ ತೆಗೆದು ಆಯಿಲ್ ನೋಡಿ. ಆಯಿಲ್ ಕಡಿಮೆಯಿದ್ದರೆ, ಗಾಡಿ ವಾಲಿದಾಗ ಪಂಪ್ ಗಾಳಿ ಎಳೆದುಕೊಂಡು ಲೈಟ್ ಮಿನುಗುತ್ತದೆ. ಆಯಿಲ್ ಮಟ್ಟ ತಾನಾಗಿ ಏರಿ ಡೀಸೆಲ್ ವಾಸನೆ ಬಂದರೆ, ಡೀಸೆಲ್ ಸೇರಿ ಆಯಿಲ್ ನೀರಾಗಿದೆ ಎಂದರ್ಥ. ಎಂಜಿನ್‌ನಲ್ಲಿ ಟಕ ಟಕ ಸದ್ದು ಬಂದಿದ್ದರೆ ಮತ್ತೆ ಸ್ಟಾರ್ಟ್ ಮಾಡಬೇಡಿ.

ದೋಷ ಸೆನ್ಸರ್‌ನದ್ದೋ, ಎಂಜಿನ್‌ನದ್ದೋ?

1. ಎಂಜಿನ್ ನಿಂತಿರುವಾಗ ಕೀ ಆನ್ ಮಾಡಿ. ಲೈಟ್ ಹತ್ತಬೇಕು. ಹತ್ತದಿದ್ದರೆ ಬಲ್ಬ್, ಫ್ಯೂಸ್, ವೈರ್ ಅಥವಾ ಸ್ವಿಚ್‌ನಲ್ಲಿ ದೋಷವಿದೆ.

2. ಆಗಲೇ ಎಂಜಿನ್ ಬ್ಲಾಕ್ ಮೇಲಿನ ಸ್ವಿಚ್‌ನಿಂದ ವೈರ್ ತೆಗೆಯಿರಿ. ಒಂದೇ ವೈರ್‌ನ ಸ್ವಿಚ್ ಆದರೆ ಲೈಟ್ ಆರಬೇಕು. ಆರದಿದ್ದರೆ ವೈರ್ ಎಲ್ಲೋ ಸಿಪ್ಪೆ ಸುಲಿದು ಬಾಡಿಗೆ ತಾಗುತ್ತಿದೆ.

ಎಡವುವುದು ಇಲ್ಲೇ. ವೈರ್ ತೆಗೆದರೆ ಸ್ವಿಚ್ ಚೆನ್ನಾಗಿದ್ದರೂ ಲೈಟ್ ಆರುತ್ತದೆ, ಕೆಟ್ಟಿದ್ದರೂ ಆರುತ್ತದೆ. ಹಾಗಾಗಿ ಲೈಟ್ ಆರಿದ್ದು ಸೆನ್ಸರ್ ಕೆಟ್ಟಿದೆ ಎನ್ನಲು ಸಾಕ್ಷಿಯಲ್ಲ.

3. ನಿಜವಾದ ಪರೀಕ್ಷೆ ಒಂದೇ. ಮೆಕ್ಯಾನಿಕ್ ಬಳಿ ಸ್ವಿಚ್ ಬಿಚ್ಚಿಸಿ, ಆ ತೂತಿಗೆ ಬೇರೆ ಪ್ರೆಷರ್ ಮೀಟರ್ ಹಚ್ಚಿಸಿ, ಎಂಜಿನ್ ಬಿಸಿಯಾದ ಮೇಲೆ ಒತ್ತಡ ನೋಡಿ. 1000 ಆರ್‌ಪಿಎಂಗೆ 10 ಪಿಎಸ್‌ಐ ಎಂಬುದು ಸ್ಥೂಲ ಲೆಕ್ಕ. ನಿಮ್ಮ ಗಾಡಿಯ ಕೈಪಿಡಿಯಲ್ಲಿರುವ ಅಂಕಿಯೇ ಅಂತಿಮ. ಒತ್ತಡ ಸರಿಯಿದ್ದರೆ ಸ್ವಿಚ್ ಬದಲಿಸಿ. ಇಲ್ಲದಿದ್ದರೆ ಫಿಲ್ಟರ್, ಪಂಪ್, ಬೇರಿಂಗ್ ತೋರಿಸಿ.

ಮುಳ್ಳಿನ ಮೀಟರ್ ಇದ್ದರೆ?

ಇದರಲ್ಲಿ ಎರಡು ಬಗೆ. ಒಂದರಲ್ಲಿ ಸಣ್ಣ ಪೈಪ್ ಮೂಲಕ ಆಯಿಲ್ಲೇ ಮೀಟರ್‌ವರೆಗೆ ಬರುತ್ತದೆ. ಆ ಪೈಪ್ ಒಡೆದರೆ ಬಿಸಿ ಆಯಿಲ್ ಚಿಮ್ಮಿ ಸೋರಿಹೋಗುತ್ತದೆ, ಆದ್ದರಿಂದ ಅದನ್ನು ಆಗಾಗ ನೋಡುತ್ತಿರಿ. ಇನ್ನೊಂದು ವಿದ್ಯುತ್ ಮೀಟರ್. ಇದರ ವೈರ್ ತೆಗೆದಾಗ ಮುಳ್ಳು ಒಂದು ತುದಿಗೆ, ಕ್ಷಣ ಮಾತ್ರ ಬಾಡಿಗೆ ತಾಗಿಸಿದಾಗ ಇನ್ನೊಂದು ತುದಿಗೆ ಹೋದರೆ ಮೀಟರ್ ಮತ್ತು ವೈರ್ ಬಹುಮಟ್ಟಿಗೆ ಸರಿಯಿವೆ.

ಎಂಜಿನ್ ಬಿಸಿಯಾದಾಗ ಐಡಲ್‌ನಲ್ಲಿ ಮುಳ್ಳು ಸ್ವಲ್ಪ ಇಳಿಯುವುದು ಸಹಜ. ಬಿಸಿಗೆ ಆಯಿಲ್ ತೆಳುವಾಗುತ್ತದೆ. ರೇಸ್ ಕೊಟ್ಟರೂ ಮುಳ್ಳು ಏರದಿದ್ದರೆ ಚಿಂತಿಸಬೇಕು.

ಬದಲಿಸುವಾಗ ಗಮನಿಸಿ

ಎಂಜಿನ್ ತಣ್ಣಗಾದ ಮೇಲೆ ಕೆಲಸ ಮಾಡಿ. ಹಳೆಯ ಸ್ವಿಚ್ ಜೊತೆಗೇ ಅಂಗಡಿಗೆ ಹೋಗಿ, ತ್ರೆಡ್ ಬೇರೆಯಾದರೆ ಬ್ಲಾಕ್‌ನ ತ್ರೆಡ್ ಹಾಳಾಗುತ್ತದೆ. ವಿದ್ಯುತ್ ಮೀಟರ್ ಮತ್ತು ಸೆನ್ಸರ್ ಜೋಡಿ ಹೊಂದಬೇಕು. ಕೆಲವು 10ರಿಂದ 180 ಓಮ್‌ನವು, ಕೆಲವು 240ರಿಂದ 33 ಓಮ್‌ನವು. ಇವನ್ನು ಬೆರೆಸಿದರೆ ಮುಳ್ಳು ಸುಳ್ಳು ಹೇಳುತ್ತದೆ. ಒಂದೇ ವೈರ್‌ನ ಸೆನ್ಸರ್‌ಗೆ ತ್ರೆಡ್‌ನಿಂದಲೇ ಅರ್ಥ್ ಸಿಗಬೇಕು. ಅದಕ್ಕೆ ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಿದರೆ ಅರ್ಥ್ ತಪ್ಪಬಹುದು. ಕೊನೆಗೆ ಸ್ಟಾರ್ಟ್ ಮಾಡಿ ಸೋರಿಕೆ ಇದೆಯೇ ನೋಡಿ.

ದಪ್ಪ ಆಯಿಲ್ ಹಾಕಿದರೆ ಸರಿಹೋಗುತ್ತದೆಯೇ?

ಮುಳ್ಳು ಮೇಲೇರಬಹುದು, ಆದರೆ ಸವೆದ ಬೇರಿಂಗ್ ಸವೆದೇ ಇರುತ್ತದೆ. ಕೈಪಿಡಿ ಹೇಳಿದ ಗ್ರೇಡ್ ಆಯಿಲ್ಲನ್ನೇ ಬಳಸಿ.

ಒಟ್ಟಾರೆ

ಸೆನ್ಸರ್ ಕೆಟ್ಟಿರಬಹುದು, ಆದರೆ ಅದನ್ನು ಪ್ರೆಷರ್ ಮೀಟರ್ ಹೇಳಬೇಕು. ಲೈಟ್ ಹತ್ತಿದರೆ ಮೊದಲು ಎಂಜಿನ್ ನಿಲ್ಲಿಸಿ, ಆಮೇಲೆ ಆಯಿಲ್ ನೋಡಿ, ನಂತರ ಒತ್ತಡ ಅಳೆಸಿ. ವೈರ್ ಕೀಳಿ ಎನ್ನುವ ಸಂದೇಶ ನಿಮ್ಮ ಗ್ರೂಪ್‌ಗೆ ಬಂದರೆ, ಫಾರ್ವರ್ಡ್ ಮಾಡುವ ಬದಲು ಈ ಮೂರು ಹೆಜ್ಜೆ ಹಂಚಿಕೊಳ್ಳಿ.