ಬಾಡಿಗೆದಾರರ ಮನೆ: ಮಾಂಟ್ರಿಯಲ್ ಫೋರಂನ ಚರಿತ್ರೆ ಮತ್ತು ಸಂಪ್ರದಾಯಗಳು (1924–1996)

ಮಾಂಟ್ರಿಯಲ್ ಫೋರಂ ಎಂದರೆ ಕೆನೇಡಿಯನ್ಸ್ ತಂಡ, ಕೆನೇಡಿಯನ್ಸ್ ಎಂದರೆ ಕ್ವಿಬೆಕ್ ಪ್ರಾಂತ್ಯದ ಫ್ರೆಂಚ್ ಭಾಷಿಕರು. ಕೆನಡಾದ ಐಸ್ ಹಾಕಿಯ ಬಗ್ಗೆ ಬರೆಯುವವರಲ್ಲಿ ಈ ನಂಬಿಕೆ ಎಷ್ಟು ಬೇರೂರಿದೆಯೆಂದರೆ ಅದನ್ನು ಕೆದಕಿ ನೋಡುವವರು ಕಡಿಮೆ. ಆದರೆ ಅಟ್ವಾಟರ್ ಮತ್ತು ಸೇಂಟ್ ಕ್ಯಾಥರಿನ್ ಬೀದಿಗಳು ಕೂಡುವಲ್ಲಿ 1924ರಲ್ಲಿ ಈ ಕ್ರೀಡಾಂಗಣ ಎದ್ದದ್ದು ನಗರದ ಇಂಗ್ಲಿಷ್ ಭಾಷಿಕರ ಹೊಸ ತಂಡವಾದ ಮರೂನ್ಸ್‌ಗಾಗಿ. ಕೆನೇಡಿಯನ್ಸ್ ಅಲ್ಲಿಗೆ ಬಂದದ್ದು ಬಾಡಿಗೆದಾರರಾಗಿ. ಹಾಗೆ ಬಂದವರ ಹೆಸರೇ ಮನೆಗೆ ಅಂಟಿಕೊಂಡದ್ದು ಹೇಗೆ, ಅದರಲ್ಲಿ ಆಡಳಿತದವರ ಪಾಲೆಷ್ಟು, ಗ್ಯಾಲರಿಯಲ್ಲಿ ಕುಳಿತವರ ಪಾಲೆಷ್ಟು ಎಂಬುದು ಈ ಲೇಖನದ ವಿಷಯ.

ಕೆನೇಡಿಯನ್ ಅರೀನಾ ಕಂಪನಿ ಕಟ್ಟಡವನ್ನು 159 ದಿನಗಳಲ್ಲಿ ಮುಗಿಸಿತು. ಒಂಬತ್ತು ಸಾವಿರದಷ್ಟು ಆಸನ, ನೆಲದಡಿಯ ಕೊಳವೆಗಳಲ್ಲಿ ತಣ್ಣನೆಯ ಉಪ್ಪುನೀರು ಹರಿಸಿ ಮಂಜುಗಟ್ಟಿಸುವ ವ್ಯವಸ್ಥೆ. ಆಗ ಕೆನೇಡಿಯನ್ಸ್ ಆಡುತ್ತಿದ್ದುದು ಮೌಂಟ್ ರಾಯಲ್ ಅರೀನಾದಲ್ಲಿ. ಆ ನವೆಂಬರಿನಲ್ಲಿ ಅಲ್ಲಿನ ಮಂಜು ಸಿದ್ಧವಾಗಿರಲಿಲ್ಲ. ಹಾಗಾಗಿ 1924ರ ನವೆಂಬರ್ 29ರಂದು ಫೋರಂನ ಮೊದಲ ಪಂದ್ಯ ಆಡಿದವರು ಕೆನೇಡಿಯನ್ಸ್. ಬಿಲ್ಲಿ ಬುಷೆ ಮೊದಲ ನಿಮಿಷದಲ್ಲೇ ಗೋಲು ಹೊಡೆದ. ಟೊರಾಂಟೊದ ಸೇಂಟ್ ಪ್ಯಾಟ್ರಿಕ್ಸ್ ವಿರುದ್ಧ 7–1ರ ಗೆಲುವು. ಮನೆ ಕಟ್ಟಿಸಿಕೊಂಡವರು ಕಾಲಿಡುವ ಮೊದಲೇ ಬಾಡಿಗೆದಾರರು ಹಾಲುಕ್ಕಿಸಿಬಿಟ್ಟಿದ್ದರು. 1926ರಲ್ಲಿ ಅವರು ಅಲ್ಲಿಯೇ ನೆಲೆಗೊಂಡರು.

ಮುಂದಿನ ಹನ್ನೆರಡು ವರ್ಷ ಎರಡು ತಂಡ, ಎರಡು ಭಾಷೆ, ಒಂದೇ ಸೂರು. ಗೋಲಿನ ಹಿಂಬದಿಯ ಅಗ್ಗದ ಆಸನಗಳಲ್ಲಿ, ತಂತಿಬಲೆಯ ಆಚೆ ಕೂರುತ್ತಿದ್ದ ಕೆನೇಡಿಯನ್ಸ್ ಬೆಂಬಲಿಗರಿಗೆ ಊರವರು ಇಟ್ಟ ಅಡ್ಡಹೆಸರು 'ಮಿಲಿಯನೇರ್‌ಗಳು'. ದುಬಾರಿ ಆಸನಗಳಲ್ಲಿದ್ದವರಿಗಿಂತ ಇವರ ಗಂಟಲೇ ದೊಡ್ಡದು. ಫೋರಂನ ಧ್ವನಿ ಎಂದು ಮುಂದೆ ಹೆಸರಾದದ್ದು ಹುಟ್ಟಿದ್ದು ಈ ಬಲೆಯ ಹಿಂದೆ ಎಂಬುದು ನನ್ನ ಅಭಿಪ್ರಾಯ. ಮರೂನ್ಸ್ 1926 ಮತ್ತು 1935ರಲ್ಲಿ ಐಸ್ ಹಾಕಿಯ ಅತ್ಯುನ್ನತ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದರೂ ಆರ್ಥಿಕ ಮುಗ್ಗಟ್ಟನ್ನು ತಾಳಲಾರದೆ 1938ರಲ್ಲಿ ಬಾಗಿಲು ಹಾಕಿತು.

ಅದಕ್ಕೆ ಒಂದು ವರ್ಷ ಮೊದಲೇ ಫೋರಂ ಯಾರದು ಎಂಬುದು ಒಂದು ಸಾವಿನಿಂದ ತೀರ್ಮಾನವಾಗಿತ್ತು. 1937ರ ಜನವರಿ 28ರಂದು ಷಿಕಾಗೊ ವಿರುದ್ಧದ ಪಂದ್ಯದಲ್ಲಿ ಕೆನೇಡಿಯನ್ಸ್ ಆಟಗಾರ ಹೋವಿ ಮೊರೆಂಜ್‌ನ ಸ್ಕೇಟ್ ಅಂಕಣದ ಅಂಚಿನ ಹಲಗೆಗೆ ಸಿಕ್ಕಿಕೊಂಡಿತು. ಎದುರಾಳಿ ಮೈಮೇಲೆ ಬಿದ್ದು ಕಾಲು ಮುರಿಯಿತು. ಮಾರ್ಚ್ 8ರಂದು ಅವನು ಆಸ್ಪತ್ರೆಯಲ್ಲೇ ತೀರಿಕೊಂಡ. ಮೂರು ದಿನದ ನಂತರ ಶವಪೆಟ್ಟಿಗೆಯನ್ನು ಅಂಕಣದ ನಟ್ಟನಡುವೆ ಇಟ್ಟು ಅಂತ್ಯಕ್ರಿಯೆಯ ಪ್ರಾರ್ಥನೆ ನಡೆಸಿದರು. ಗ್ಯಾಲರಿ ತುಂಬಿ ಜನ ಬೀದಿಯಲ್ಲೂ ನಿಂತಿದ್ದರು. ಅವನು ತೊಟ್ಟಿದ್ದ 7ನೇ ಸಂಖ್ಯೆಯನ್ನು ತಂಡ ಇನ್ನಾರಿಗೂ ಕೊಡಲಿಲ್ಲ. ಕೆನೇಡಿಯನ್ಸ್‌ನಲ್ಲಿ ಆ ಪದ್ಧತಿ ಶುರುವಾದದ್ದು ಅವನಿಂದಲೇ. ಮೊರೆಂಜ್ ಫ್ರೆಂಚನಲ್ಲ, ಒಂಟಾರಿಯೊದಲ್ಲಿ ಹುಟ್ಟಿದ ಜರ್ಮನ್ ಮೂಲದವನು. ಫ್ರೆಂಚ್ ಮಾಂಟ್ರಿಯಲ್ ಅವನನ್ನು ತನ್ನವನೆಂದೇ ಅತ್ತಿತು. ಈ ಕ್ರೀಡಾಂಗಣದ ಸಂಪ್ರದಾಯವನ್ನು ಬರೀ ಭಾಷೆಯ ಲೆಕ್ಕದಲ್ಲಿ ಅಳೆಯುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು.

ಭಾಷೆಯ ಲೆಕ್ಕ ಮುಖ್ಯವಾದದ್ದು 1955ರಲ್ಲಿ. ಮಾರ್ಚ್ 13ರಂದು ಬಾಸ್ಟನ್‌ನಲ್ಲಿ ನಡೆದ ಜಗಳದಲ್ಲಿ ಕೆನೇಡಿಯನ್ಸ್‌ನ ಫ್ರೆಂಚ್ ಭಾಷಿಕ ಆಟಗಾರ ಮಾರಿಸ್ ರಿಷಾರ್, ತನ್ನ ತಲೆಗೆ ಕೋಲು ಬೀಸಿದ ಆಟಗಾರನನ್ನು ಹೊಡೆದದ್ದಲ್ಲದೆ ತಡೆಯಲು ಬಂದ ಲೈನ್ಸ್‌ಮನ್‌ನನ್ನೂ ಗುದ್ದಿದ. ರಾಷ್ಟ್ರೀಯ ಹಾಕಿ ಲೀಗ್‌ನ ಅಧ್ಯಕ್ಷ, ಇಂಗ್ಲಿಷ್ ಭಾಷಿಕ ಕ್ಲಾರೆನ್ಸ್ ಕ್ಯಾಂಪ್ಬೆಲ್ ಉಳಿದ ಪಂದ್ಯಗಳಿಂದಲೂ ಪ್ಲೇಆಫ್‌ನಿಂದಲೂ ಅವನನ್ನು ಹೊರಗಿಟ್ಟ. ಆ ವರ್ಷ ಅಂಕಪಟ್ಟಿಯಲ್ಲಿ ರಿಷಾರ್ ಮೊದಲಿಗನಾಗಿದ್ದ. ಮಾರ್ಚ್ 17ರಂದು ಡೆಟ್ರಾಯಿಟ್ ವಿರುದ್ಧದ ಪಂದ್ಯ ಶುರುವಾದ ಮೇಲೆ ಕ್ಯಾಂಪ್ಬೆಲ್ ಬಂದು ತನ್ನ ಎಂದಿನ ಜಾಗದಲ್ಲಿ ಕುಳಿತ. ಅವನ ಮೇಲೆ ಮೊಟ್ಟೆ, ಟೊಮೆಟೊ ತೂರಿಬಂದವು. ಮೊದಲ ಅವಧಿ ಮುಗಿದಾಗ ಡೆಟ್ರಾಯಿಟ್ 4–1ರಿಂದ ಮುಂದಿತ್ತು. ಅಷ್ಟರಲ್ಲಿ ಯಾರೋ ಅಶ್ರುವಾಯುವಿನ ಬಾಂಬು ಸಿಡಿಸಿದರು. ಪಂದ್ಯವನ್ನು ಡೆಟ್ರಾಯಿಟ್‌ಗೆ ಬಿಟ್ಟುಕೊಟ್ಟು ಕಟ್ಟಡ ಖಾಲಿ ಮಾಡಿಸಿದರು. ಹೊರಗೆ ಸೇಂಟ್ ಕ್ಯಾಥರಿನ್ ಬೀದಿಯಲ್ಲಿ ಅಂಗಡಿಗಳ ಗಾಜು ಒಡೆದವು, ಲೂಟಿಯಾಯಿತು. ಮರುದಿನ ರಿಷಾರ್ ತಾನೇ ರೇಡಿಯೊದಲ್ಲಿ ಮಾತಾಡಿ ಜನರನ್ನು ಸಮಾಧಾನಪಡಿಸಬೇಕಾಯಿತು.

ಅರವತ್ತರ ದಶಕದಲ್ಲಿ ಕ್ವಿಬೆಕ್ ಕಂಡ ರಾಜಕೀಯ ಎಚ್ಚರಕ್ಕೆ ಈ ಗಲಭೆಯೇ ನಾಂದಿ ಎಂಬ ವಾದವಿದೆ. ಫಲಿತಾಂಶ ಗೊತ್ತಾದ ಮೇಲೆ ಹಿಂದಕ್ಕೆ ಓದಿದ ವಾದ ಅದು. ಒಪ್ಪಲು ನನಗೆ ಹಿಂಜರಿಕೆಯಿದೆ. ಅಂದಿನ ಗ್ಯಾಲರಿಯ ಸಿಟ್ಟಿಗೆ ಭಾಷೆಯೊಂದೇ ಕಾರಣವಾಗಿರಲಿಲ್ಲ ಎನ್ನಲು ಪಕ್ಕದಲ್ಲೇ ಸಾಕ್ಷಿಯಿದೆ: ಕೆಲ ದಿನಗಳಲ್ಲಿ ಅದೇ ತಂಡದ ಬರ್ನಿ ಜೆಫ್ರಿಯನ್ ರಿಷಾರ್‌ನನ್ನು ಒಂದೇ ಅಂಕದಿಂದ ಹಿಂದಿಕ್ಕಿದಾಗ ಫೋರಂ ಅವನನ್ನೂ ಗೇಲಿ ಮಾಡಿತು. ಜೆಫ್ರಿಯನ್ ಮಾಂಟ್ರಿಯಲ್‌ನಲ್ಲೇ ಹುಟ್ಟಿದ ಫ್ರೆಂಚ್ ಭಾಷಿಕ.

ಆಡಳಿತ ಹುಟ್ಟುಹಾಕಿದ ಸಂಪ್ರದಾಯಗಳ ಬಗೆ ಬೇರೆ. ಡ್ರೆಸ್ಸಿಂಗ್ ರೂಮಿನ ಗೋಡೆಯ ಮೇಲೆ ಪಂಜು ಹಸ್ತಾಂತರಿಸುವ ಸಾಲುಗಳಿದ್ದವು. ಅವು ಮೊದಲ ಮಹಾಯುದ್ಧದ ಸೈನ್ಯವೈದ್ಯ ಜಾನ್ ಮೆಕ್ರೇ ಇಂಗ್ಲಿಷಿನಲ್ಲಿ ಬರೆದ ಕವಿತೆಯವು. ರಣರಂಗದ ಮಾತನ್ನು ಆಟಗಾರರ ಧ್ಯೇಯವಾಕ್ಯ ಮಾಡಿದ್ದು ಜಾಣ ಯೋಜನೆಯೇ ಹೊರತು ತಾನಾಗಿ ಬೆಳೆದ ಪರಂಪರೆಯಲ್ಲ. ಒಡೆತನವೂ 1957ರಲ್ಲಿ ಇಂಗ್ಲಿಷ್ ಭಾಷಿಕರಾದ ಮೋಲ್ಸನ್ ಬಿಯರ್ ಮನೆತನದ ಕೈಸೇರಿತು.

ಕಟ್ಟಡವಾದರೂ ಹಳೆಯದಾಗಿ ಉಳಿಯಿತೇ? 1968ರಲ್ಲಿ ನೋಟಕ್ಕೆ ಅಡ್ಡವಾಗಿದ್ದ ಕಂಬಗಳನ್ನು ತೆಗೆದು, ಒಳಗನ್ನೂ ಮುಂಭಾಗವನ್ನೂ ಬಹುಪಾಲು ಹೊಸದಾಗಿ ಕಟ್ಟಿದರು. ಎಸ್ಕಲೇಟರ್‌ಗಳು ಹೊರಗಿನಿಂದ ನೋಡಿದರೆ ಅಡ್ಡಹಾಯ್ದ ಎರಡು ಹಾಕಿ ಕೋಲುಗಳಂತೆ ಕಾಣುತ್ತಿದ್ದವು. 1972ರ ಸೆಪ್ಟೆಂಬರ್ 2ರಂದು ಸೋವಿಯತ್ ತಂಡ ಕೆನಡಾವನ್ನು 7–3ರಿಂದ ಸೋಲಿಸಿದ್ದು, 1976ರ ಒಲಿಂಪಿಕ್ಸ್‌ನಲ್ಲಿ ನಾದಿಯಾ ಕೊಮನೆಚಿ ಪೂರ್ಣ 10 ಅಂಕ ಪಡೆದಾಗ ಫಲಕ 1.00 ಎಂದು ತೋರಿಸಿದ್ದು ಈ ಎರಡನೆಯ ಫೋರಂನಲ್ಲಿ. ಟೀವಿ ಪೀಳಿಗೆ 'ಹಳೆಯ ಫೋರಂ' ಎಂದು ಹಂಬಲಿಸುವುದೂ ಇದನ್ನೇ.

1996ರ ಮಾರ್ಚ್ 11ರಂದು ಡಲ್ಲಾಸ್ ವಿರುದ್ಧ 4–1ರ ಗೆಲುವಿನೊಂದಿಗೆ ಆಟ ನಿಂತಿತು. ಅಂದು ಗೋಡೆಯ ಮೇಲಿನ ಪಂಜು ನಿಜವಾಗಿಯೂ ಹೊತ್ತಿ, ಎಮಿಲ್ ಬುಷಾರ್‌ನಿಂದ ಆಗಿನ ನಾಯಕ ಪಿಯೆರ್ ಟರ್ಜನ್‌ವರೆಗೆ ನಾಯಕರ ಕೈಯಿಂದ ಕೈಗೆ ಹೋಯಿತು. ಆಡಳಿತ ಬರೆದ ಕಾರ್ಯಕ್ರಮ ಅದು. ಕಾರ್ಯಕ್ರಮದಲ್ಲಿ ಇಲ್ಲದ್ದು ರಿಷಾರ್‌ಗೆ ಬಂದ ಚಪ್ಪಾಳೆ: ಸಾಕೆಂದು ಅವನು ಕೈಯೆತ್ತಿದರೂ ನಿಮಿಷಗಟ್ಟಲೆ ನಿಲ್ಲಲಿಲ್ಲ.

ಮರುವರ್ಷ ಸರ್ಕಾರ ಫೋರಂ ಅನ್ನು ರಾಷ್ಟ್ರೀಯ ಚಾರಿತ್ರಿಕ ತಾಣವೆಂದು ಘೋಷಿಸಿತು. ಬಳಿಕ ಅದು ಸಿನಿಮಾ ಸಂಕೀರ್ಣವಾಯಿತು. ಕೆನೇಡಿಯನ್ಸ್‌ನ 24ನೆಯ ಸ್ಟ್ಯಾನ್ಲಿ ಕಪ್ ಬಂದದ್ದು 1993ರಲ್ಲಿ, ಫೋರಂನಲ್ಲಿ. ಫೋರಂ ಬಿಟ್ಟು ತಂಡ ಸೇರಿದ ಹೊಸ ಕ್ರೀಡಾಂಗಣದಲ್ಲಿ 2025ರವರೆಗೂ 25ನೆಯದು ಬಂದಿಲ್ಲ. ಫೋರಂನ ದೆವ್ವಗಳು ಹೊಸ ಮನೆಗೆ ಬರಲೊಪ್ಪಲಿಲ್ಲ ಎಂದು ಅಭಿಮಾನಿಗಳು ಹೇಳುತ್ತಾರೆ. ಆದರೆ 1942ರಿಂದ 1967ರವರೆಗೆ ಲೀಗ್‌ನಲ್ಲಿ ಇದ್ದದ್ದು ಆರೇ ತಂಡ, ಈಗ ಮೂವತ್ತೆರಡು. ದೆವ್ವಗಳಿಗಿಂತ ಈ ಲೆಕ್ಕವೇ ಹೆಚ್ಚು ನಂಬಲರ್ಹ.