ಸಬ್ಜೆಕ್ಟ್ ಲೈನ್ ಅನ್ನೋದು ಒಂದು ಮಾತು ಕೊಟ್ಟ ಹಾಗೆ

2012ರ ಜೂನ್‌ನಲ್ಲಿ ಬರಾಕ್ ಒಬಾಮಾ ಅವರ ಚುನಾವಣಾ ತಂಡ ಬೆಂಬಲಿಗರಿಗೆ ಒಂದು ಇಮೇಲ್ ಕಳಿಸಿತು. ಅದರ ಸಬ್ಜೆಕ್ಟ್ ಲೈನ್‌ನ ಅರ್ಥ ಇಷ್ಟೇ: 'ಎದುರಾಳಿ ನನಗಿಂತ ಹೆಚ್ಚು ಖರ್ಚು ಮಾಡ್ತಾರೆ'. ಆ ಒಂದೇ ಮೇಲ್‌ಗೆ 26 ಲಕ್ಷ ಡಾಲರ್‌ಗೂ ಹೆಚ್ಚು ದೇಣಿಗೆ ಬಂತು. ಇದು ಅದೃಷ್ಟದ ಆಟ ಆಗಿರಲಿಲ್ಲ. ಹಲವು ಸಾಲುಗಳನ್ನು ಮೊದಲು ಸಣ್ಣ ಗುಂಪುಗಳಿಗೆ ಕಳಿಸಿ ನೋಡಿ, ಗೆದ್ದದ್ದನ್ನು ಉಳಿದವರಿಗೆ ಕಳಿಸಿದ್ದರು. ಅದೇ ತಂಡದ ಇನ್ನೊಂದು ಯಶಸ್ವಿ ಸಾಲು ಬರೀ 'ಹೇ'.

ಸೋಪು, ಚಪ್ಪಲಿ ಮಾರೋಕೆ ಹುಟ್ಟಿದ ಈ ವಿದ್ಯೆ ಈಗ ಚಳವಳಿಗೂ ಬೇಕು. ಸಹಿ ಸಂಗ್ರಹ, ಸಭೆ, ದೇಣಿಗೆ, ಯಾವುದೇ ಇರಲಿ, ಮೇಲ್ ತೆರೆಯದಿದ್ದರೆ ಒಳಗೆ ಬರೆದದ್ದೆಲ್ಲ ವ್ಯರ್ಥ. ಹಾಗಾಗಿ ನನಗೆ ಮುಖ್ಯ ಅನ್ನಿಸಿದ್ದನ್ನು ಇಲ್ಲಿ ಕೊಡ್ತಿದ್ದೇನೆ.

1. ವಿಷಯ ಮೊದಲು ಬರಲಿ. ಫೋನಿನ ಪರದೆಯಲ್ಲಿ ಸಾಲಿನ ಮೊದಲ ಕೆಲವು ಪದಗಳಷ್ಟೇ ಕಾಣುತ್ತವೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರೋದರಿಂದ 'ಸಹಿ ಮಾಡಿ' ಅನ್ನೋದೇ ಕತ್ತರಿಸಿ ಹೋಗಬಹುದು. 'ನಮ್ಮ ಬಡಾವಣೆಯ ಮರಗಳನ್ನು ಕಡಿಯುವುದನ್ನು ವಿರೋಧಿಸಿ ಸಹಿ ಮಾಡಿ' ಅನ್ನುವ ಬದಲು 'ಸಹಿ ಬೇಕು: ನಮ್ಮ ಬಡಾವಣೆಯ ಮರಗಳಿಗಾಗಿ' ಅಂತ ಬರೆಯಿರಿ.

2. ಖಚಿತವಾಗಿ ಹೇಳಿ. 'ಮರ ಉಳಿಸಿ!!!' ಕೂಗಾಟ ಮಾತ್ರ. 'ಮರಗಳ ಆಕ್ಷೇಪಣೆಗೆ ಶುಕ್ರವಾರ ಕೊನೆ' ಅನ್ನೋದು ಸುದ್ದಿ. ಓದುಗರಿಗೆ ಏನು, ಯಾವಾಗ ಅನ್ನೋದು ಒಂದೇ ನೋಟಕ್ಕೆ ಸಿಗುತ್ತೆ.

3. ಎರಡನೇ ಸಾಲನ್ನು ಬಿಡಬೇಡಿ. ಇನ್‌ಬಾಕ್ಸ್‌ನಲ್ಲಿ ಸಬ್ಜೆಕ್ಟ್ ಪಕ್ಕದಲ್ಲೋ ಕೆಳಗೋ ಮೇಲ್‌ನ ಮೊದಲ ವಾಕ್ಯ ಕಾಣುತ್ತೆ. ಅಲ್ಲಿ 'ಆತ್ಮೀಯರೇ, ತಾವು ಕ್ಷೇಮವೆಂದು ಭಾವಿಸುತ್ತೇವೆ' ಅಂತಿದ್ದರೆ ಜಾಗ ಹಾಳು.

4. ಪರೀಕ್ಷೆ ಮಾಡಿ, ಆದರೆ ಮರುಳಾಗಬೇಡಿ. ಪಟ್ಟಿಯಲ್ಲಿ 300 ಜನ ಇದ್ದಾಗ ಒಂದು ಸಾಲಿಗೆ ನಾಲ್ಕು ಜನ ಹೆಚ್ಚು ಸ್ಪಂದಿಸಿದರೆ ಅದು ಏನನ್ನೂ ಸಾಬೀತು ಮಾಡಲ್ಲ. ಎಷ್ಟು ಜನ ತೆರೆದರು ಅನ್ನೋ ಲೆಕ್ಕವನ್ನೂ ಈಗ ಪೂರ್ತಿ ನಂಬೋ ಹಾಗಿಲ್ಲ. 2021ರಲ್ಲಿ ಆಪಲ್ ತಂದ ಖಾಸಗಿತನದ ಸೌಲಭ್ಯ, ಮೇಲ್‌ನ ಚಿತ್ರಗಳನ್ನು ಓದುಗರು ತೆರೆಯದಿದ್ದರೂ ಮೊದಲೇ ಇಳಿಸಿಕೊಳ್ಳುತ್ತೆ. ಆಗ ತೆರೆಯದ ಮೇಲ್ ಕೂಡ ತೆರೆದ ಲೆಕ್ಕಕ್ಕೆ ಸೇರುತ್ತೆ. ಬಂದ ಉತ್ತರ, ಬಿದ್ದ ಸಹಿ ಎಣಿಸಿ.

5. ಸುಳ್ಳು ಬೇಡ. ಹಿಂದೆ ಮಾತೇ ಆಡದೆ 'ರೀ:' ಸೇರಿಸೋದು, ಪ್ರತಿ ವಾರ 'ಕೊನೆಯ ಅವಕಾಶ' ಅನ್ನೋದು ಹಳೇ ಚಾಳಿ. ಅಮೆರಿಕದಲ್ಲಿ ವಾಣಿಜ್ಯ ಮೇಲ್‌ಗೆ ದಾರಿ ತಪ್ಪಿಸುವ ಸಬ್ಜೆಕ್ಟ್ ಹಾಕೋದನ್ನು 2003ರ ಕಾನೂನೇ ನಿಷೇಧಿಸಿದೆ. ಕಾನೂನಿನ ಮಾತು ಬಿಟ್ಟರೂ ತಾಂತ್ರಿಕ ದಂಡ ಇದ್ದೇ ಇದೆ. 2024ರ ಫೆಬ್ರವರಿಯಿಂದ ಜಿಮೇಲ್, ತನ್ನ ಬಳಕೆದಾರರಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸೋರಿಗೆ ನಿಯಮ ಬಿಗಿ ಮಾಡಿದೆ. ಪ್ರಚಾರದ ಮೇಲ್‌ಗಳಿಂದ ಒಂದೇ ಕ್ಲಿಕ್‌ನಲ್ಲಿ ಹೊರಬರುವ ದಾರಿ ಇರಬೇಕು, ಸ್ಪ್ಯಾಮ್ ದೂರು ಶೇ. 0.3 ಮುಟ್ಟಬಾರದು. ಅಂದರೆ ಸಾವಿರಕ್ಕೆ ಮೂರು ಜನ ಸಿಟ್ಟಾದರೂ ಸಾಕು, ಮುಂದಿನ ನಿಜವಾದ ಕರೆ ಕೂಡ ಸ್ಪ್ಯಾಮ್ ಡಬ್ಬಿಗೆ ಬೀಳಬಹುದು.

ನನ್ನ ಆತಂಕ ಇರೋದು ಇಲ್ಲೇ. ಕಂಪನಿ ಸುಳ್ಳು ಹೇಳಿದರೆ ಗಿರಾಕಿ ಇನ್ನೊಂದು ಅಂಗಡಿಗೆ ಹೋಗ್ತಾನೆ. ಚಳವಳಿ ಸುಳ್ಳು ಹೇಳಿದರೆ ಜನ ಇನ್ನೊಂದು ಚಳವಳಿಗೆ ಹೋಗಲ್ಲ, ಸುಮ್ಮನೆ ಮನೇಲಿ ಕೂರ್ತಾರೆ. 'ತುರ್ತು' ಅನ್ನೋ ಪದವನ್ನು ಇವತ್ತು ಸುಮ್ಮಸುಮ್ಮನೆ ಖರ್ಚು ಮಾಡಿಬಿಟ್ಟರೆ, ಬುಲ್ಡೋಜರ್ ನಿಜವಾಗಿಯೂ ಬಂದು ನಿಂತ ದಿನ ಬರೆಯೋಕೆ ನಮ್ಮ ಹತ್ತಿರ ಪದ ಉಳಿದಿರಲ್ಲ.

ಕಳಿಸೋ ಮೊದಲು ನಾನು ಒಂದು ಪ್ರಶ್ನೆ ಕೇಳಿಕೊಳ್ತೇನೆ: ಮೇಲ್ ಓದಿ ಮುಗಿಸಿದವರು ಮತ್ತೆ ಸಬ್ಜೆಕ್ಟ್ ನೋಡಿದರೆ 'ಹೌದು, ಹೇಳಿದ್ದು ಇದನ್ನೇ' ಅಂತಾರಾ? ಹೌದು ಅನ್ನೋದಾದರೆ ಮಾತ್ರ ಕಳಿಸಿ.