ಕಾಫಿ ಲೋಟದ ಚರಿತ್ರೆ

ಕಾಫಿಯ ಚರಿತ್ರೆ ಬರೆಯುವವರೆಲ್ಲ ಬಾಬಾಬುಡನ್‌ರಿಂದ ಶುರುಮಾಡುತ್ತಾರೆ. ಹದಿನೇಳನೇ ಶತಮಾನದಲ್ಲಿ ಆ ಸೂಫಿ ಸಂತರು ಮೆಕ್ಕಾ ಯಾತ್ರೆ ಮುಗಿಸಿ ಬರುವಾಗ ಯೆಮನ್‌ನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಹಾಕಿದರಂತೆ. ಅಲ್ಲಿಂದ ಬಿಳಿ ದೊರೆಗಳ ಎಸ್ಟೇಟಿಗೆ ಒಂದು ನೆಗೆತ, ಎಸ್ಟೇಟಿನಿಂದ ಬೆಂಗಳೂರಿನ ಹೋಟೆಲಿಗೆ ಇನ್ನೊಂದು ನೆಗೆತ. ಈ ನೆಗೆತಗಳ ನಡುವೆ ಬಿದ್ದುಹೋದವರು ಯಾರು? ಹಣ್ಣು ಕುಯ್ದವರು, ಕಣದಲ್ಲಿ ಹರವಿ ಒಣಗಿಸಿದವರು, ಮೂಟೆ ಹೊತ್ತವರು. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದು. ಆ ಪಾಲಿನೊಳಗೆ ನಮ್ಮ ಕೇರಿಗಳ ಬೆವರು ಎಷ್ಟು ಅಂತ ಯಾವ ತಕ್ಕಡಿಯೂ ತೂಗಿಲ್ಲ.

ನಮ್ಮಜ್ಜಿ ಮೂಡಿಗೆರೆ ಕಡೆಯ ಒಂದು ತೋಟದ ಲೈನಿನಲ್ಲಿ ಜೀವ ತೇದವಳು. ಬಟವಾಡೆ ಆದಮೇಲೆ ಸಂತೆಗೆ ಬಂದರೆ ಕಾಫಿ ಕುಡಿಯುವ ಆಸೆ. ಹೋಟೆಲಿನ ಹೊರಗೆ ಸೂರಿಗೆ ಸಿಕ್ಕಿಸಿದ್ದ ಲೋಟ ತಾನೇ ತಗೊಂಡು, ತೊಳೆದು, ಹಿಡಿದು ನಿಲ್ಲಬೇಕು. ಒಳಗಿನವರು ಮೇಲಿಂದ ಹುಯ್ಯೋರು. "ಕೈಮೇಲೆ ಸಿಡಿದು ಸುಡೋದು ಕಣ್ಮಗ, ಆದ್ರೂ ಕುಡೀತಿದ್ವಿ" ಅಂತಿದ್ದಳು. ಕುಡಿದಾದ ಮೇಲೆ ಮತ್ತೆ ತೊಳೆದು ಸೂರಿಗೇ ಸಿಕ್ಕಿಸಬೇಕು. ತಾನೇ ಕುಯ್ದ ಹಣ್ಣಿನ ಕಾಫಿ ಅದು!

ಪಟ್ಟಣದ ಹೋಟೆಲಿನಲ್ಲಿ ಜಾತಿ ಬೋರ್ಡಿನ ಮೇಲೇ ಕೂತಿರುತ್ತಿತ್ತು. 'ಬ್ರಾಹ್ಮಣರ ಹೋಟೆಲು' ಅಂತ ಬರೆದರೆ ಅದು ಬರೀ ಅಡುಗೆಯವನ ಗುರುತಲ್ಲ, ಯಾರ ಮಡಿ ದೊಡ್ಡದು ಅನ್ನೋ ಡಂಗುರ. ಮದರಾಸಿನ ಟ್ರಿಪ್ಲಿಕೇನಿನಲ್ಲಿ ಮುರಳೀಸ್ ಕೆಫೆಯ ಬೋರ್ಡಿನಿಂದ ಆ ಪದವನ್ನು ಅಳಿಸಬೇಕೆಂದು ಪೆರಿಯಾರ್ 1957ರಲ್ಲಿ ಚಳವಳಿಯನ್ನೇ ಹೂಡಿದರು. ಬಹಳ ಮಂದಿ ಜೈಲಿಗೆ ಹೋದರು. ಕೊನೆಗೆ ಪದ ಹೋಯಿತು. ಒಂದು ಬೋರ್ಡಿಗೆ ಇಷ್ಟು ರಂಪವೇ ಅಂತ ಕೇಳುವವರು ಸೂರಿನ ಲೋಟ ಮುಟ್ಟಿದವರಲ್ಲ.

ಅಷ್ಟರಲ್ಲಿ ಕಾನೂನೂ ಬಂದಿತ್ತು. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲುಗಳ ಬಾಗಿಲು ಎಲ್ಲರಿಗೂ ತೆರೆದಿದೆ ಅಂದಿತು. 17ನೇ ವಿಧಿ ಅಸ್ಪೃಶ್ಯತೆಯನ್ನೇ ತೆಗೆದುಹಾಕಿತು. ಆದರೆ ಬಾಗಿಲು ತೆರೆದರೆ ಸಾಲದು, ಒಳಗೆ ಲೋಟ ಇದೆಯಲ್ಲ? 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯ 4ನೇ ಕಲಮು ಓದಿ ನೋಡಿ. ಹೋಟೆಲಿನಲ್ಲಿಟ್ಟ ಪಾತ್ರೆಗಳನ್ನು ಬಳಸಲು ಬಿಡದಿರುವುದೂ ಅಪರಾಧ ಅಂತ ಬಿಡಿಸಿ ಬರೆದಿದೆ. 1976ರಲ್ಲಿ ಆ ಕಾಯ್ದೆಯ ಹೆಸರು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಬದಲಾದರೂ ಆ ಪಾತ್ರೆಯ ಮಾತು ಅಲ್ಲೇ ಉಳಿದಿದೆ. ಒಂದು ಲೋಟಕ್ಕಾಗಿ ಪಾರ್ಲಿಮೆಂಟು ಕೂರಬೇಕಾಯಿತು ನೋಡಿ.

ಅದೇ 1957ರಲ್ಲಿ ಬೆಂಗಳೂರಿನಲ್ಲಿ ಇನ್ನೊಂದು ಸಂಗತಿ ನಡೆಯಿತು. ಕಾಫಿ ಸೆಸ್ ಕಮಿಟಿ 1936ರಲ್ಲಿ ಮುಂಬಯಿಯಲ್ಲಿ ಕಾಫಿ ಹೌಸ್ ತೆರೆದಿತ್ತು, ಆಮೇಲೆ ದೇಶದ ತುಂಬ ಅವು ಹಬ್ಬಿದವು. ಐವತ್ತರ ದಶಕದ ನಡುವೆ ಕಾಫಿ ಬೋರ್ಡು ಅವನ್ನು ಮುಚ್ಚಲು ಹೊರಟಿತು. ತಟ್ಟೆ ಎತ್ತುವವರು, ಕಾಫಿ ಕಾಸುವವರು ಬೀದಿಗೆ ಬಿದ್ದರು. ಎ.ಕೆ. ಗೋಪಾಲನ್ ಅವರ ಬೆನ್ನಿಗೆ ನಿಂತರು. ನೀವೇ ಸಹಕಾರ ಸಂಘ ಕಟ್ಟಿ, ನೀವೇ ನಡೆಸಿ ಅಂದರು. 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿ ಮೊದಲ ಸಂಘ ಹುಟ್ಟಿತು. ಲೋಟ ತೊಳೆಯುವವನೇ ಹೋಟೆಲಿನ ಒಡೆಯ! ಇದು ನಮ್ಮ ಪಠ್ಯಪುಸ್ತಕದಲ್ಲಿ ಯಾಕಿಲ್ಲ?

ಎಂ.ಜಿ. ರಸ್ತೆಯಲ್ಲಿದ್ದ ಅವರ ಕಾಫಿ ಹೌಸ್ 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಹೋಯಿತು. ಡಿಗ್ರಿ ಮುಗಿಸಿದ ವರ್ಷ ಅಲ್ಲಿ ಹೋಗಿ ಕೂತೆ. ಪೇಟ ಸುತ್ತಿ ಅಗಲ ಬೆಲ್ಟು ಕಟ್ಟಿದ ಹಿರಿಯರು ಮೇಜಿಗೆ ಕಾಫಿ ತಂದಿಟ್ಟರು. ಯಾವೂರು, ಯಾರ ಪೈಕಿ ಅಂತ ಕೇಳಲಿಲ್ಲ. ಪಕ್ಕದ ಮೇಜಿನವರು ಕುಡಿದದ್ದೂ ಅಂಥದೇ ಪಿಂಗಾಣಿ ಕಪ್ಪು. ನನಗೆ ಅಷ್ಟೇ ಸಾಕಾಗಿತ್ತು. ಆ ಪೇಟ ಮಾತ್ರ ಯಾಕೋ ಕಣ್ಣಿಗೆ ಚುಚ್ಚಿತು. ಒಡೆಯನಾದ ಮೇಲೂ ಜವಾನನ ವೇಷ ಬೇಕೆ?

ಊರುಗಳಲ್ಲಿ ಸೂರಿನ ಲೋಟ ಈಗ ಬೇರೆ ರೂಪ ತಾಳಿದೆ. ಕೆಲವು ಕಡೆ ಊರವರಿಗೆ ಗಾಜಿನ ಲೋಟ, ಕೇರಿಯವರಿಗೆ ಪೇಪರ್ ಕಪ್ಪು. ಕುಡಿದು ಬಿಸಾಡಿದರೆ ಮುಗೀತು, ಸಾಕ್ಷಿಯೂ ಇಲ್ಲ. ಕೇಳಿದರೆ 'ಸ್ವಚ್ಛ ಸಾರ್' ಅನ್ನುತ್ತಾರೆ. ಹಳ್ಳಿಯ ಮೇಷ್ಟ್ರುಗಳೇ, ನಿಮ್ಮೂರ ಹೋಟೆಲಿನ ಬೆಂಚಿನ ಮೇಲೆ ಒಂದು ವಾರ ಬೆಳಿಗ್ಗೆ ಹೊತ್ತು ಕೂತು ನೋಡಿ. ಯಾರಿಗೆ ಗಾಜು, ಯಾರಿಗೆ ಪೇಪರು, ಕೊಟ್ಟವರು ಏನಂದರು ಅಂತ ತಾರೀಖು ಸಮೇತ ಬರೆದು ಪತ್ರಿಕೆಗೆ ಕಳಿಸಿ.